ಬಸಿದ ತೂಕ

ಗುರುಚರಣನಿಗೆ ಅಡುಗೆ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ಅವನಿಗೆ ಸಿಟ್ಟು ಬರುತ್ತಿತ್ತು. ಬರುವುದಿಲ್ಲ ಅಂತಲ್ಲ, ಇನ್ನೂ ಮಾಡಿಲ್ಲ, ಅಷ್ಟೇ ಎನ್ನುತ್ತಿದ್ದ. ಅವನ ಪ್ರಕಾರ ಅಡುಗೆಯೆಂದರೆ ತೂಕ, ಗಾತ್ರ ಮತ್ತು ಉಷ್ಣತೆ. ಮಿಕ್ಕಿದ್ದೆಲ್ಲ ಮನೆಯ ಹೆಂಗಸರು ತಮ್ಮ ಹೆಚ್ಚುಗಾರಿಕೆಗೆ ಕಟ್ಟಿಕೊಂಡ ಪುರಾಣ. ಮದರಾಸಿನ ಗಿಂಡಿ ಬಡಾವಣೆಯ ಒಂದು ಪ್ರಯೋಗಾಲಯದಲ್ಲಿ ಊರಿನ ತಕ್ಕಡಿಗಳೂ ಅಳತೆಪಾತ್ರೆಗಳೂ ನಿಜ ಹೇಳುತ್ತಿವೆಯೇ ಎಂದು ಪರೀಕ್ಷಿಸಿ ಮುದ್ರೆ ಒತ್ತಿಸುವುದು ಅವನ ಕೆಲಸ. ಇಂಥ ಮನುಷ್ಯನ ಮುಂದೆ ‘ಒಂದು ಹಿಡಿ’, ‘ಒಂದು ಚೂರು’, ‘ಕಣ್ಣಳತೆ’ ಎಂಬ ಮಾತುಗಳನ್ನಾಡಿದರೆ ಅವನು ಬೈಯುತ್ತಿರಲಿಲ್ಲ. ಕರುಣೆಯಿಂದ ನೋಡುತ್ತಿದ್ದ. ಅದಕ್ಕಿಂತ ಬೈದುಬಿಟ್ಟಿದ್ದರೆ ವಾಸಿ ಎಂದು ಅವನ ಹೆಂಡತಿ ರಚನಾಳಿಗೆ ಎಷ್ಟೋ ಸಲ ಅನ್ನಿಸಿತ್ತು.

ಈ ಕರುಣೆಗೆ ಪರೀಕ್ಷೆಯ ಕಾಲ ಬಂದದ್ದು ರಚನಾ ಬಸುರಿಯಾದ ಮೇಲೆ. ಡಾಕ್ಟರು ಆಫೀಸು ಬಿಡಿಸಿ, ಸ್ವಲ್ಪ ಕಾಲ ಮಲಗಿಕೊಂಡೇ ಇರಬೇಕೆಂದಿದ್ದರು. ಮಲಗುವುದೇನೋ ಸುಲಭ, ಒಗ್ಗರಣೆಯ ವಾಸನೆಯೇ ಕಷ್ಟ. ಸಾಸಿವೆ ಚಟಪಟ ಎಂದರೆ ಸಾಕು, ರಚನಾ ಬಾಯಿಗೆ ಸೆರಗಿನಂತೆ ದುಪಟ್ಟಾ ಒತ್ತಿಕೊಂಡು ಬಚ್ಚಲಿಗೆ ಓಡುತ್ತಿದ್ದಳು. ವೇಳಚೇರಿಯ ಅವರ ಫ್ಲ್ಯಾಟಿನಲ್ಲಿ ಒಲೆಗೂ ಹಾಸಿಗೆಗೂ ನಡುವೆ ಒಂದೇ ಗೋಡೆ. ಅವಳಿಗೆ ಸೇರುತ್ತಿದ್ದದ್ದು ಒಂದೇ ಪದಾರ್ಥ: ಡಬ್ಬಿಯಲ್ಲಿ ಬರುವ ಸ್ವೀಟ್ ಕಾರ್ನ್. ಅದಕ್ಕೆ ವಾಸನೆಯಿಲ್ಲ, ಒಗ್ಗರಣೆಯಿಲ್ಲ, ಯಾರ ಮನೆಯ ಸಂಪ್ರದಾಯವೂ ಇಲ್ಲ.

ಸುದ್ದಿ ತಿಳಿದ ಕೂಡಲೇ ಇಬ್ಬರು ತಾಯಂದಿರು ಹೊರಟು ನಿಂತರು. ಗುರುವಿನ ತಾಯಿ ಜಯಲಕ್ಷ್ಮೀ ಮೈಲಾಪೂರಿನವರು. ಮಾಧ್ವರ ಮನೆ, ಮದರಾಸಿಗೆ ಬಂದು ನಾಲ್ಕು ತಲೆಮಾರು. ಮನೆಮಾತು ಕನ್ನಡ, ಆ ಕನ್ನಡದೊಳಗೆ ಬಾಡಿಗೆ ಕೊಡದೆ ವಾಸವಾಗಿರುವ ತಮಿಳು. ಅವರ ಅಡುಗೆ ಇಂಗಿನಿಂದ ಆರಂಭವಾಗುತ್ತದೆ. ರಚನಾಳ ತಾಯಿ ಸಾಕಮ್ಮ ಮದ್ದೂರಿನ ಕಡೆಯವರು. ಅವರ ಅಡುಗೆ ಜಜ್ಜಿದ ಬೆಳ್ಳುಳ್ಳಿಯಿಂದ ಆರಂಭವಾಗುತ್ತದೆ. ಮಕ್ಕಳು ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾದ ದಿನದಿಂದ ಇಬ್ಬರೂ ಒಬ್ಬರನ್ನೊಬ್ಬರು ಬಹಳ ಗೌರವಿಸುತ್ತಿದ್ದರು. ಅಂದರೆ ಒಂದೇ ಸೂರಿನ ಕೆಳಗೆ ಒಂದು ರಾತ್ರಿಗಿಂತ ಹೆಚ್ಚು ಕಳೆದಿರಲಿಲ್ಲ. ಈಗ ಒಬ್ಬರು ಬರುತ್ತಾರೆಂದು ತಿಳಿದು ಇನ್ನೊಬ್ಬರು ಬರಲೇಬೇಕೆಂದು ಹಟ ಹಿಡಿದಿದ್ದರು.

“ಗುರು, ಇಬ್ರಿಗೂ ನೀನೇ ಹೇಳ್ಬಿಡು,” ಎಂದಳು ರಚನಾ. “ನನಗೆ ಒಗ್ಗರಣೆ ವಾಸನೆ ಆಗ್ತಿಲ್ಲ, ಅದಕ್ಕೇ ಸದ್ಯಕ್ಕೆ ಯಾರೂ ಬರೋದು ಬೇಡ ಅಂತ. ನಾನು ಹೇಳಿದ್ರೆ ನಮ್ಮಮ್ಮ ಅಳ್ತಾಳೆ, ನಿಮ್ಮಮ್ಮ ಸುಮ್ಮನಾಗ್ತಾರೆ. ಎರಡೂ ನನ್ನ ಕೈಲಿ ತಡೆಯೋಕಾಗಲ್ಲ.”

ಒಂದು ವಾಕ್ಯದ ಕೆಲಸ. ಆದರೆ ಗುರುಚರಣ ಯೋಚಿಸಿದ. ವಾಸನೆ ಎಂಬುದನ್ನು ಅಳೆಯಲು ಬರುವುದಿಲ್ಲ. ಅಳೆಯಲು ಬಾರದ್ದನ್ನು ಕಾರಣವಾಗಿ ಕೊಟ್ಟರೆ ವಾದಕ್ಕೆ ಎಡೆಯಾಗುತ್ತದೆ. ಅದಕ್ಕಿಂತ ಮನೆಯಲ್ಲಿ ಇನ್ನೊಬ್ಬರ ಅಗತ್ಯವೇ ಇಲ್ಲವೆಂದು ಸಾಧಿಸಿ ತೋರಿಸಿದರೆ? ಇಬ್ಬರನ್ನೂ ಒಂದೇ ಕರೆಯಲ್ಲಿ ಸೇರಿಸಿ, ಇನ್ನು ಮೇಲೆ ಅಡುಗೆ ತಾನೇ ಮಾಡುವುದಾಗಿ ಘೋಷಿಸಿದ.

“ನೀನಾ?” ಎಂದರು ಜಯಲಕ್ಷ್ಮೀ. “ಡಿಕಾಕ್ಷನ್ ಇಳಿಯೋದಕ್ಕೆ ಗಡಿಯಾರ ಇಟ್ಕೊಂಡು ಕೂತ್ಕೊಳೋನು ನೀನು. ಅಡುಗೆಯೆಲ್ಲ ಸರಿಪಟ್ಟು ಬರಲ್ಲ ಕಣ್ಣಾ ನಿನಗೆ.”

“ಮಾಡ್ತೀನಿ ಅಂದ್ರೆ ಮಾಡ್ಲಿ ಬುಡಿ ಜಯಮ್ನೋರೆ,” ಎಂದರು ಸಾಕಮ್ಮ. “ನಾವೂ ಒಂದಿನ ಬಂದು ಅಳಿಯಂದ್ರ ಕೈಯೂಟ ಉಣ್ಣಮ. ಉಣ್ಣಂಗಿದ್ರೆ ನಾನು ಅವತ್ತೇ ರೈಲ್ ಹತ್ತಿ ಊರ್ಗೆ ಹೋಯ್ತೀನಿ. ಇಲ್ದಿದ್ರೆ ಹೆರಿಗೆ ಗಂಟ ಅಲ್ಲೇ.”

“ನಾನೂ,” ಎಂದರು ಜಯಲಕ್ಷ್ಮೀ.

ಫೋನಿಟ್ಟು ಗೆಲುವಿನಿಂದ ತಿರುಗಿದವನನ್ನು ರಚನಾ ದಿಂಬಿನ ಮೇಲಿಂದಲೇ ನೋಡಿದಳು. “ಒಂದು ಮಾತು ಹೇಳು ಅಂದ್ರೆ ಪಂದ್ಯ ಕಟ್ಟಿ ಬಂದ್ಯಲ್ಲ ಮಾರಾಯ.”

ಏನು ಮಾಡಬೇಕೆಂಬುದರಲ್ಲಿ ಸಂಶಯವಿರಲಿಲ್ಲ. ಸ್ವೀಟ್ ಕಾರ್ನ್ ಸೂಪು. ಬೆಳ್ಳುಳ್ಳಿ ಇಲ್ಲ, ಆದ್ದರಿಂದ ಮೈಲಾಪೂರಿಗೆ ಆಕ್ಷೇಪವಿಲ್ಲ. ಇಂಗಿಲ್ಲ, ಆದ್ದರಿಂದ ಮದ್ದೂರಿಗೂ ಇಲ್ಲ. ಒಗ್ಗರಣೆಯೇ ಇಲ್ಲ, ಆದ್ದರಿಂದ ರಚನಾ ಅದೇ ಕೋಣೆಯಲ್ಲಿ ಕೂತು ಉಣ್ಣಬಹುದು. ಜೊತೆಗೆ ಬ್ರೆಡ್ಡು. ಇಂಟರ್ನೆಟ್ಟಿನಲ್ಲಿ ಒಂದು ವಿಧಾನ ಸಿಕ್ಕಿತು: ನಾಲ್ಕು ಕಪ್ ಡಬ್ಬಿಯ ಕಾರ್ನ್, ಅರ್ಧ ರುಬ್ಬಿ, ಹಾಲಿನಲ್ಲಿ ಕುದಿಸಿ, ಕಾರ್ನ್‌ಫ್ಲೋರ್ ಕಲಸಿ ಹಾಕಿ, ಮೆಣಸು ಉದುರಿಸುವುದು. ಮಗುವೂ ಮಾಡಬಹುದಾದದ್ದು. ಮಗುವಿಗೆ ಎಂಎಸ್ಸಿ ಆಗಿರದಿದ್ದರೆ.

“ನಾಲ್ಕು ಕಪ್ ಅಂದ್ರೆ ಎಷ್ಟು ಡಬ್ಬಿ?” ಎಂದ ಗುರುಚರಣ.

“ಮೂರು ತಗೊಂಡು ಬಾ. ಕಪ್ಪಲ್ಲಿ ಅಳೆದು ಹಾಕು, ಉಳಿದಿದ್ದು ನಾನು ತಿಂತೀನಿ.”

“ಯಾವ ಕಪ್ಪಲ್ಲಿ?”

“ಕಪ್ಪಲ್ಲಿ ಗುರು. ಕಾಫಿ ಕುಡೀತೀಯಲ್ಲ.”

“ಅದು ಕಪ್ ಅಲ್ಲ, ಪಾತ್ರೆ.”

ಗಾತ್ರ ಎಂಬುದು ನಂಬಲಾಗದ ವಸ್ತು ಎಂದು ಅವನು ವಿವರಿಸಿದ. ಒತ್ತಿ ತುಂಬಿದರೆ ಒಂದು, ಸಡಿಲವಾಗಿ ಸುರಿದರೆ ಇನ್ನೊಂದು, ಗೋಪುರದಂತೆ ಪೇರಿಸಿದರೆ ಮತ್ತೊಂದು. ತೂಕಕ್ಕೆ ಈ ಚಂಚಲತೆಯಿಲ್ಲ. ಆದ್ದರಿಂದ ನಾಲ್ಕು ಕಪ್ಪನ್ನು ಗ್ರಾಮಿಗೆ ತಿರುಗಿಸಬೇಕು. ತಿರುಗಿಸಲು ಕಾರ್ನಿನ ಸಾಂದ್ರತೆ ಗೊತ್ತಿರಬೇಕು. ಇಂಟರ್ನೆಟ್ಟಿನಲ್ಲಿ ಅದಕ್ಕೂ ಅಂಕಿಗಳಿದ್ದವು, ಆದರೆ ಯಾರೋ ಗೃಹಿಣಿಯರು ಅಳೆದದ್ದು. ಅವನು ಒಂದು ಹಿಡಿ ಕಾಳನ್ನು ಚಿಕ್ಕ ಡಬ್ಬಿಯಲ್ಲಿ ಹಾಕಿಕೊಂಡು ಗಿಂಡಿಗೆ ಹೋದ. ಊಟದ ಬಿಡುವಿನಲ್ಲಿ ಒಂದೊಂದೇ ಕಾಳನ್ನು ಟಿಶ್ಯೂ ಕಾಗದದಲ್ಲಿ ಒರೆಸಿ, ಚಿನ್ನ ತೂಗಲೂ ನಾಚುವಂಥ ತಕ್ಕಡಿಯಲ್ಲಿ ತೂಗಿ, ಗಾಜಿನ ಅಳತೆಜಾಡಿಯ ನೀರಿನಲ್ಲಿ ಮುಳುಗಿಸಿ, ನೀರು ಎಷ್ಟು ಮೇಲೇರಿತೆಂದು ನೋಡಿದ. ಕಾಳು ನೀರಿಗಿಂತ ತುಸುವೇ ಭಾರ. ಆ ಸಾಂದ್ರತೆಯನ್ನು ನಾಲ್ಕು ಕಪ್ಪಿನ ಗಾತ್ರದಿಂದ ಗುಣಿಸಿದಾಗ ಒಂದು ಕಿಲೋ ಇಪ್ಪತ್ತೇಳು ಗ್ರಾಂ ಬಂತು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ನಾನೂರು ಗ್ರಾಂ ಎಂದಿತ್ತು. ಎರಡೂವರೆ ಡಬ್ಬಿಗಿಂತ ಸ್ವಲ್ಪ ಹೆಚ್ಚು.

“ಮೂರು ಡಬ್ಬಿ ತರಬೇಕು,” ಎಂದು ಸಂಜೆ ಬಂದು ಪ್ರಕಟಿಸಿದ.

“ಹೌದಾ,” ಎಂದಳು ರಚನಾ.

ತಾಯಂದಿರ ಊಟಕ್ಕೆ ಮೊದಲಿನ ಭಾನುವಾರ ಒಂದು ಪ್ರಯೋಗ ಮಾಡಿದ. ಡಬ್ಬಿಗಳನ್ನು ಒಳಗಿದ್ದ ಉಪ್ಪುನೀರು ಸಮೇತ ತಕ್ಕಡಿಯ ಮೇಲಿನ ಬೋಗುಣಿಗೆ ಸುರಿದು, ಒಂದು ಕಿಲೋ ಇಪ್ಪತ್ತೇಳಕ್ಕೆ ಸರಿಯಾಗಿ ಕೈ ತಡೆದ. ಸೂಪು ಹಳದಿಯಾಗಿ, ನಯವಾಗಿ, ಸೌಟಿನಿಂದ ರೇಷ್ಮೆಯ ಹಾಗೆ ಇಳಿಯಿತು. ಎಷ್ಟೋ ದಿನಗಳಿಂದ ಡಬ್ಬಿಯ ಕಾಳನ್ನೇ ಚಮಚದಲ್ಲಿ ತಿಂದು ಬದುಕಿದ್ದ ರಚನಾ ಎರಡು ಬಟ್ಟಲು ಕುಡಿದು, ಮೂರನೆಯದಕ್ಕೆ ಕೈ ಚಾಚಿದಳು.

“ಚೆನ್ನಾಗಿದೆ ಗುರು. ನಿಜವಾಗ್ಲೂ.”

“ಚೆನ್ನಾಗಿರಲೇಬೇಕು,” ಎಂದ ಅವನು. ನೀರು ಕುದಿಯುತ್ತದೆ ಎಂದು ಯಾರೋ ಅವನಿಗೆ ಸುದ್ದಿ ಹೇಳಿದ ಹಾಗಿತ್ತು ಅವನ ಮುಖ.

ಸಾಮಾನ್ಯ ಮನುಷ್ಯನಾಗಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಸಾಮಾನ್ಯ ಮನುಷ್ಯರು ಖಾಲಿ ಡಬ್ಬಿಯನ್ನು ಕಸಕ್ಕೆ ಹಾಕುತ್ತಾರೆ. ಗುರುಚರಣ ತೊಳೆದು, ಒರೆಸಿ, ಓದಿದ. ನಾನೂರು ಗ್ರಾಮಿನ ಕೆಳಗೆ, ಇರುವೆಯ ಸಾಲಿನಂಥ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ನೀರು ಬಸಿದ ಮೇಲಿನ ತೂಕ: ಇನ್ನೂರ ನಲವತ್ತು ಗ್ರಾಂ.

ಅವನು ಆ ಸಾಲನ್ನು ಇನ್ನೊಮ್ಮೆ ಓದಿದ. ತಾನು ಕಾರ್ನ್ ಎಂದು ತೂಗಿದ್ದರಲ್ಲಿ ಐದರಲ್ಲಿ ಎರಡು ಪಾಲು ಬರೀ ಉಪ್ಪುನೀರು! ಇಷ್ಟು ದೊಡ್ಡ ತಪ್ಪಿಟ್ಟುಕೊಂಡೂ ಆ ಸೂಪಿಗೆ ರುಚಿಯಾಗಿರಲು ಎಷ್ಟು ಧೈರ್ಯ? ಅವನು ಡಬ್ಬಿ ಹಿಡಿದುಕೊಂಡು ಕೋಣೆಗೆ ಬಂದ.

“ರಚನಾ, ಇವತ್ತಿನ ಸೂಪು ತಪ್ಪು.”

“ನಾನು ಎರಡು ಬಟ್ಟಲು ಕುಡಿದೆ.”

“ಅದಕ್ಕೂ ಇದಕ್ಕೂ ಸಂಬಂಧವಿಲ್ಲ.”

“ವಾಂತಿ ಆಗಲಿಲ್ಲ.”

“ಅದು ಕಾಕತಾಳೀಯ.”

ರಚನಾ ಎದ್ದು ಕೂತು ಎರಡೂ ಕೈ ಜೋಡಿಸಿದಳು. “ಗುರು, ನಿನಗೆ ಪುಣ್ಯ ಬರುತ್ತೆ. ಮುಂದಿನ ವಾರ ಇದೇ ತಪ್ಪನ್ನ ಇನ್ನೊಂದ್ಸಲ ಮಾಡು. ಇಬ್ರೂ ಉಂಡು ಹೊರಟುಹೋಗ್ತಾರೆ. ಆಮೇಲೆ ನೀನು ಎಷ್ಟು ಬೇಕಾದ್ರೂ ಸರಿ ಮಾಡ್ಕೋ.”

ಅವನು ಆಗಲಿ ಎಂದ. ಆ ರಾತ್ರಿಯೇ ಹೊಸ ಲೆಕ್ಕ ಹಾಕಿದ. ಗೊತ್ತಿದ್ದೂ ಗೊತ್ತಿದ್ದೂ ನೀರನ್ನು ಕಾಳೆಂದು ತೂಗುವುದು, ಅದೂ ಇಬ್ಬರು ಹಿರಿಯರಿಗೆ ಬಡಿಸುವ ಅನ್ನದಲ್ಲಿ, ಅವನ ಸಂಸ್ಕಾರಕ್ಕೆ ಒಗ್ಗುವಂಥದಾಗಿರಲಿಲ್ಲ. ಒಂದು ಕಿಲೋ ಇಪ್ಪತ್ತೇಳನ್ನು ಇನ್ನೂರ ನಲವತ್ತರಿಂದ ಭಾಗಿಸಿದರೆ ನಾಲ್ಕು ಡಬ್ಬಿ ದಾಟುತ್ತದೆ. ಐದು ತಂದು ಕಪಾಟಿನ ಹಿಂದೆ ಇಟ್ಟ.

ಮುಂದಿನ ಭಾನುವಾರ ಸಾಕಮ್ಮ ರೈಲಿಳಿದು ಆಟೋದಲ್ಲಿ ಬಂದರು. ಕೈಚೀಲದಲ್ಲಿ ರಾಗಿಹಿಟ್ಟು, ಹುರುಳಿಕಾಳು, ಒಂದು ಗೊಂಚಲು ಬೆಳ್ಳುಳ್ಳಿ. ಅಳಿಯನ ಮೇಲೆ ಅವರಿಗೆ ಎಷ್ಟು ನಂಬಿಕೆಯಿತ್ತೆಂದು ಚೀಲವೇ ಹೇಳುತ್ತಿತ್ತು. ಜಯಲಕ್ಷ್ಮೀ ಮೈಲಾಪೂರಿನಿಂದ ಎಂಆರ್‌ಟಿಎಸ್ ಲೋಕಲ್ ರೈಲು ಹಿಡಿದು ಬಂದರು. ಅವರ ಚೀಲ ಚಿಕ್ಕದು, ಇಂಗಿಗೆ ಹೆಚ್ಚು ಜಾಗ ಬೇಕಾಗುವುದಿಲ್ಲ.

“ಡಬ್ಬೀಲಿರೋದಾ?” ಎಂದು ಮೇಜಿನ ಮೇಲಿದ್ದ ಡಬ್ಬಿ ಎತ್ತಿ ನೋಡಿದರು ಜಯಲಕ್ಷ್ಮೀ. “ಎಷ್ಟು ದಿನದ ಪಳೆಯದೋ ಏನೋ. ಯಾರು ಮುಟ್ಟಿದ್ದೋ.”

“ಮೆಷೀನ್ ಮುಟ್ಟಿದ್ದಮ್ಮ.”

“ಮೆಷೀನ್ ಸ್ನಾನ ಮಾಡಿತ್ತಾ?”

ಅವನು ಡಬ್ಬಿ ಇಸಿದುಕೊಂಡು ಅಡುಗೆಮನೆಗೆ ಹೋದ. ಡಬ್ಬಿಗಳನ್ನು ಜರಡಿಗೆ ಸುರಿದು ಕೊನೆಯ ತೊಟ್ಟಿನವರೆಗೂ ಬಸಿದ. ಕಾಳನ್ನು ತೂಗಿದ. ಅರ್ಧ ರುಬ್ಬಿ ಪಾತ್ರೆಗೆ ಹಾಕಿ, ಉಳಿದರ್ಧವನ್ನೂ ಹಾಕಿ, ವಿಧಾನದಲ್ಲಿದ್ದಷ್ಟೇ ಹಾಲು ಹೊಯ್ದ. ಹಾಲು ಎಲ್ಲಿ ಹೋಯಿತೋ ಕಾಣಲಿಲ್ಲ. ಕಾರ್ನ್‌ಫ್ಲೋರ್ ಬಿದ್ದ ಮೇಲೆ ಸೌಟು ತಿರುಗಿಸಲು ಭುಜ ಬೇಕಾಯಿತು.

“ಗುರು, ಏನದು ಬೊಳಕ್ ಬೊಳಕ್ ಅಂತಿದೆ?” ಎಂದು ಕೋಣೆಯಿಂದ ರಚನಾ ಕೇಳಿದಳು. “ಗಟ್ಟಿ ಆಗಿದ್ರೆ ನೀರು ಹಾಕು.”

“ರೆಸಿಪಿಯಲ್ಲಿ ನೀರಿಲ್ಲ.”

“ಎಷ್ಟು ಡಬ್ಬಿ ಹಾಕ್ದೆ?”

ಅವನಿಗೆ ಇದ್ದಕ್ಕಿದ್ದಂತೆ ಕಿವಿ ಕೇಳಿಸದಾಯಿತು.

ಮೇಜಿನ ಮೇಲೆ ಸೂಪು ಸೌಟಿನಿಂದ ಇಳಿಯಲಿಲ್ಲ; ಧೊಪ್ಪನೆ ಬಿತ್ತು. ಬಿದ್ದದ್ದು ಬಿದ್ದ ಆಕಾರದಲ್ಲೇ ಕೂತಿತು. ಜಯಲಕ್ಷ್ಮೀ ಬಟ್ಟಲಿನ ನಡುವೆ ಚಮಚ ಊರಿ ಕೈಬಿಟ್ಟರು. ಚಮಚ ನಿಂತೇ ಇತ್ತು.

“ಏನ್ಡಾ ಗುರು, ಇದು ಸೂಪಾ? ಪೊಂಗಲ್ ಅಂತ ಹೇಳಿ ಕೊಟ್ಟಿದ್ರೆ ರೊಂಬ ಚೆನ್ನಾಗಿದೆ ಅಂದುಬಿಡ್ತಿದ್ದೆ.”

ಸಾಕಮ್ಮ ಬೀಗರ ಮನೆಯ ಮರ್ಯಾದೆ ಬಿಡದ ಹೆಂಗಸು. ಬೆರಳನ್ನು ನೀರಿನಲ್ಲಿ ಅದ್ದಿಕೊಂಡು, ಒಂದು ತುತ್ತು ಮುರಿದು, ಅಂಗೈಯಲ್ಲಿ ಉರುಟು ಮಾಡಿ ಪರೀಕ್ಷಿಸಿದರು. “ಮುದ್ದೆ ಒಸಿ ಮೆತ್ಗಾಗದೆ. ಪರ್ವಾಗಿಲ್ಲ. ಸಾರೆಲ್ಲಿ ಅಳಿಯಂದ್ರೆ?”

ಗುರುಚರಣ ಕೊನೆಗೂ ಬಿಸಿನೀರು ತಂದು ಹೊಯ್ದ. ಗಂಟುಗಳು ಗಂಟುಗಳಾಗಿಯೇ ಉಳಿದು, ಸುತ್ತಲೂ ಕಾರ್ನ್ ತೊಳೆದ ನೀರು ನಿಂತಿತು. ರಚನಾ ಗಂಡನ ಮಾನ ಉಳಿಸಲು ಒಂದು ಚಮಚ ಬಾಯಿಗಿಟ್ಟುಕೊಂಡಳು. ನುಂಗಲು ನೋಡಿದಳು. ಎದ್ದು ಬಚ್ಚಲಿಗೆ ಓಡಿದಳು.

ಪಂದ್ಯದ ತೀರ್ಪಿಗೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಇಬ್ಬರು ತಾಯಂದಿರೂ ಒಟ್ಟಿಗೇ ಎದ್ದು, ಸೆರಗು ಸಿಕ್ಕಿಸಿಕೊಂಡು, ಒಬ್ಬರು ನಿಲ್ಲಬಹುದಾದ ಅಡುಗೆಮನೆಗೆ ಇಬ್ಬರೂ ಹೊಕ್ಕರು. “ಮಗ ಹಸ್ಕೊಂಡದೆ, ಒಂದು ಸಾರ್ ಮಾಡ್ಬುಡ್ತೀನಿ,” ಎಂದರು ಸಾಕಮ್ಮ. “ನೀವು ರೈಲಿನಲ್ಲಿ ಬಂದು ಟಯರ್ಡ್ ಆಗಿದೀರಿ, ನಾನೇ ರಸ ಮಾಡ್ತೀನಿ,” ಎಂದರು ಜಯಲಕ್ಷ್ಮೀ. ಒಂದು ಒಲೆಯ ಮೇಲೆ ಒಂದು ಬಾಣಲೆ, ಇನ್ನೊಂದರ ಮೇಲೆ ಇನ್ನೊಂದು.

ಗುರುಚರಣ ಸೋತ ಸೇನಾಪತಿಯಂತೆ ಹೊರಗಿನ ಕೈತೊಳೆಯುವ ತೊಟ್ಟಿಯ ಬಳಿ ನಿಂತು ಪಾತ್ರೆ ತೊಳೆಯತೊಡಗಿದ. ಐದನೆಯ ಡಬ್ಬಿಯಲ್ಲಿ ಉಳಿದಿದ್ದ ಕಾಳನ್ನು ಒಂದು ಲೋಟಕ್ಕೆ ಹಾಕಿಟ್ಟಿದ್ದ. ಲೋಟ ಬಾಯಿಮಟ್ಟ ತುಂಬಿತ್ತು. ನಲ್ಲಿ ತಿರುಗಿಸಿದಾಗ ಅದರೊಳಗೆ ನೀರು ಬಿತ್ತು. ತುಂಬಿದ ಲೋಟ, ಉಕ್ಕಬೇಕಿತ್ತು. ಉಕ್ಕಲಿಲ್ಲ. ನೀರು ಕುಡಿಯಿತು, ಇನ್ನೂ ಕುಡಿಯಿತು, ಹೆಚ್ಚುಕಡಿಮೆ ಮೂರನೇ ಒಂದು ಲೋಟದಷ್ಟು ನೀರು ಒಳಗೆ ಹೋದ ಮೇಲೆ ತುಳುಕಿತು.

ಅವನು ಲೋಟ ಹಿಡಿದುಕೊಂಡು ಬಚ್ಚಲ ಬಾಗಿಲಿಗೆ ಓಡಿದ. “ರಚನಾ! ಕಾಳಿನ ನಡುವೆ ಗಾಳಿ ಇದೆ!”

ಒಳಗಿನಿಂದ ವಾಂತಿಯ ಸದ್ದು ಬಂತು.

“ನಾನು ಒಂದೊಂದು ಕಾಳಿನ ಸಾಂದ್ರತೆ ಹಿಡಿದೆ. ಕಪ್ಪಲ್ಲಿ ಕಾಳಷ್ಟೇ ಇರಲ್ಲ, ಸಂದಿಯೂ ಇರುತ್ತೆ. ನಾಲ್ಕು ಕಪ್ ಅಂದ್ರೆ ಒಂದು ಕಿಲೋ ಅಲ್ಲವೇ ಅಲ್ಲ, ಆರುನೂರ ಐವತ್ತೋ ಏನೋ ಅಷ್ಟೇ! ಹೋದ ವಾರ ಎರಡು ತಪ್ಪು ಮಾಡಿದ್ದೆ. ಒಂದು ತಪ್ಪು, ಕಾಳು ಜಾಸ್ತಿ ಬೇಕು ಅಂತಿತ್ತು. ಇನ್ನೊಂದು ತಪ್ಪು, ಕಾಳಿನ ಜಾಗದಲ್ಲಿ ನೀರು ತೂಗಿ ಅಷ್ಟೇ ಕಡಿಮೆ ಮಾಡ್ತಿತ್ತು. ಎರಡೂ ಸೇರಿ ಸರಿಹೋಗಿತ್ತು. ಈ ಸಲ ಒಂದನ್ನ ಸರಿ ಮಾಡಿದೆ ನೋಡು, ಇನ್ನೊಂದು ಒಂಟಿಯಾಗಿ ಉಳಿದುಬಿಡ್ತು!”

ಬಾಗಿಲು ತೆರೆಯಿತು. ರಚನಾಳ ಮುಖ ಬಿಳಿಚಿತ್ತು. “ಅಂದ್ರೆ ಸರಿ ಮಾಡೋಕೆ ಹೋಗದೆ ಇದ್ದಿದ್ರೆ ಸರಿ ಇರ್ತಿತ್ತು.”

“ಹೌದು! ಇಲ್ಲಾಂದ್ರೆ ಎರಡನ್ನೂ ಸರಿ ಮಾಡ್ಬೇಕಿತ್ತು.”

ಅವಳು ಇನ್ನೇನೋ ಹೇಳುವಷ್ಟರಲ್ಲಿ ಅಡುಗೆಮನೆಯಲ್ಲಿ ಸಾಸಿವೆ ಸಿಡಿಯಿತು. ಹಿಂದೆಯೇ ಇಂಗು, ಇಂಗಿನ ಹಿಂದೆ ಬೆಳ್ಳುಳ್ಳಿ.

“ಒಲೆ ಆರ್ಸಿ!” ಎಂದು ರಚನಾ ಕಿರುಚಿದಳು. ಆ ದನಿ ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಎರಡೂ ಒಲೆ ಆರಿದವು. ಬಾಗಿಲ ಚೌಕಟ್ಟಿಗೆ ಒರಗಿ, ಮೂಗು ಮುಚ್ಚಿಕೊಂಡೇ ಅವಳು ಹೇಳಿದಳು: “ನನಗೆ ಯಾರ ಅಡುಗೇನೂ ಬೇಡ ಅಂತಲ್ಲ. ಒಗ್ಗರಣೆ ವಾಸನೆ ತಡೆಯೋಕಾಗ್ತಿಲ್ಲ. ಈ ಮನೇಲಿ ಸಾಸಿವೆ ಸಿಡಿಬಾರದು. ಅಷ್ಟೇ.”

“ಅಷ್ಟೇಯಾ?” ಎಂದರು ಜಯಲಕ್ಷ್ಮೀ. ಬಾಣಲೆ ಇನ್ನೂ ಕೈಯಲ್ಲಿತ್ತು.

“ಅಯ್ಯೋ ನನ್ ಕೂಸೆ,” ಎಂದರು ಸಾಕಮ್ಮ. ಅವರು ಅಳಲಿಲ್ಲ. “ಇಷ್ಟು ದಿನ ಬಾಯ್ಗೆ ಬೀಗ ಹಾಕ್ಕೊಂಡಿದ್ಯೇನವ್ವ?”

“ಗುರು ಕೈಲಿ ಹೇಳಿ ಕಳಿಸಿದ್ದೆ.”

ಇಬ್ಬರು ತಾಯಂದಿರೂ ಗುರುಚರಣನ ಕಡೆ ತಿರುಗಿದರು. ಮಕ್ಕಳ ಮದುವೆಯಾದಾಗಿನಿಂದ ಅವರಿಬ್ಬರ ಮುಖದಲ್ಲಿ ಒಂದೇ ಭಾವ ಮೂಡಿದ್ದು ಅದೇ ಮೊದಲು.

“ನಾನು ಸಾಧಿಸಿ ತೋರಿಸೋಣ ಅಂತ…” ಎಂದ ಅವನು.

“ಸಾಧಿಸಿದ್ದು ಪಾತ್ರೆಯಲ್ಲಿದೆ, ನೋಡು,” ಎಂದರು ಜಯಲಕ್ಷ್ಮೀ. ಆಮೇಲೆ ಸೊಸೆಯ ಕಡೆ ತಿರುಗಿ ದನಿ ಇಳಿಸಿದರು. “ಇವನು ಹೊಟ್ಟೇಲಿದ್ದಾಗ ನನಗೆ ಕಾಫಿ ವಾಸನೆ ಆಗ್ತಿರಲಿಲ್ಲಮ್ಮ. ನಮ್ಮ ಮಾವ ಬೀದಿ ಕೊನೆಗೆ ಹೋಗಿ ಕುಡಿದು ಬರ್ತಿದ್ರು, ಪಾಪ. ಇಲ್ಲಿ ಒಲೆ ಹಚ್ಚೋದೇ ಬೇಡ. ಮೈಲಾಪೂರ್‌ನಲ್ಲಿ ಮಾಡಿ, ಆರಿಸಿ, ಕ್ಯಾರಿಯರ್‌ನಲ್ಲಿ ತರ್ತೀವಿ.”

“ಸರಿ, ನಾನೂ ಬತ್ತೀನಿ,” ಎಂದರು ಸಾಕಮ್ಮ.

“ಎಲ್ಲಿಗೆ?”

“ನಿಮ್ಮನೆಗೆ. ತರ್ತೀವಿ ಅಂದ್ರಲ್ಲ ಜಯಮ್ನೋರೆ.”

ಜಯಲಕ್ಷ್ಮೀ ‘ತರ್ತೀನಿ’ ಎಂದು ಹೇಳಬೇಕೆಂದಿದ್ದರೋ ಏನೋ. ಆದರೆ ಆಡಿದ ಮಾತನ್ನು ಬಸುರಿ ಸೊಸೆಯ ಮುಂದೆ ಹಿಂತೆಗೆದುಕೊಳ್ಳುವುದು ಹೇಗೆ? ಸಂಜೆಯ ಹೊತ್ತಿಗೆ ಬೆಳ್ಳುಳ್ಳಿಯ ಗೊಂಚಲು ಎಂಆರ್‌ಟಿಎಸ್ ಹತ್ತಿ, ನಾಲ್ಕು ತಲೆಮಾರಿನಿಂದ ಅದು ಕಾಲಿಡದಿದ್ದ ಮನೆಯ ಬಾಲ್ಕನಿ ಸೇರಿತು. ಅದಕ್ಕೊಂದು ಬೇರೆ ಒಲೆಯನ್ನೂ ಅಲ್ಲೇ ಹೂಡಲಾಯಿತು. ಗುರುವಿನ ತಂದೆ ಮಧ್ವರಾಜರು ತಮ್ಮ ಕುರ್ಚಿಯನ್ನೂ ಅಲ್ಲಿಗೇ ಎಳೆದುಕೊಂಡರು. ಬಾಲ್ಕನಿಯಲ್ಲಿ ಪೇಪರ್ ಓದುವ ಹೊತ್ತೂ ಜಾಸ್ತಿಯಾಯಿತು ಎಂದು ಸುದ್ದಿ.

ವೇಳಚೇರಿಯ ಮನೆಯಲ್ಲಿ ಈಗ ಯಾವ ವಾಸನೆಯೂ ಇರಲಿಲ್ಲ. ರಚನಾ ಉಣ್ಣುತ್ತಿದ್ದಳು, ಉಂಡದ್ದು ಹೊಟ್ಟೆಯಲ್ಲಿ ನಿಲ್ಲುತ್ತಿತ್ತು. “ಫಲಿತಾಂಶ ನೀನು ಕೇಳಿದ್ದೇ ಬಂತಲ್ಲ,” ಎಂದು ಗುರುಚರಣ ಒಮ್ಮೆ ಹೇಳಿ ನೋಡಿದ. ಅವಳು ನೋಡಿದ ನೋಟಕ್ಕೆ ಎರಡನೆಯ ಸಲ ಹೇಳಲಿಲ್ಲ.

ಒಂದು ರಜೆಯ ಮಧ್ಯಾಹ್ನ ಗಂಡ ಹೆಂಡತಿ ಕ್ಯಾರಿಯರ್ ಬಿಚ್ಚಿ ಕೂತಿದ್ದಾಗ ಮೈಲಾಪೂರಿನಿಂದ ಫೋನು ಬಂತು.

“ಗುರು, ನೀನು ಅಳತೆ ಆಫೀಸಿನೋನು, ಹೇಳ್ಬಿಡು,” ಎಂದರು ಜಯಲಕ್ಷ್ಮೀ. ದನಿ ಏರಿತ್ತು. “ಸಾಕಮ್ಮಾವ್ರು ಒಂದು ಪಾವು ಅಕ್ಕಿ ಹಾಕಿ ಅಂದ್ರು. ನಾನು ಒಂದು ಆಳಾಕು ಹಾಕಿದೆ. ನಮ್ಮತ್ತೆ ಕಾಲದ ಅಳತೆ ಲೋಟ ಅದು. ಅದು ಸರಿಯಿಲ್ಲವಂತೆ!”

“ಗುಬ್ಬಿ ಹೊಟ್ಟೆಗೂ ಆಗಕಿಲ್ಲ ಆ ಲೋಟ,” ಎಂದು ಹಿಂದಿನಿಂದ ಸಾಕಮ್ಮನ ದನಿ. “ನೀವೇ ಯೋಳಿ ಅಳಿಯಂದ್ರೆ. ಓದ್ದೋರು. ಯಾವ್ದು ಸರಿ?”

ಗುರುಚರಣನಿಗೆ ಎರಡೂ ಗೊತ್ತಿತ್ತು. ಪಾವು ಎಷ್ಟು, ಆಳಾಕು ಎಷ್ಟು, ಯಾವ ಊರಿನಲ್ಲಿ ಯಾವುದು ಎಷ್ಟು ಬದಲಾಗುತ್ತದೆ, ಅಕ್ಕಿಯ ಕಾಳಿನ ನಡುವೆ ಗಾಳಿ ಎಷ್ಟು, ಎಲ್ಲವೂ ಗೊತ್ತಿತ್ತು. ಉತ್ತರ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಎದುರಿಗೆ ರಚನಾ ಮೊಸರನ್ನದ ಚಮಚವನ್ನು ಅರ್ಧದಲ್ಲೇ ನಿಲ್ಲಿಸಿ ಅವನನ್ನೇ ನೋಡುತ್ತಿದ್ದಳು. ಇವನು ಸರಿಯಾದ ಉತ್ತರ ಕೊಟ್ಟರೆ ನಾಳೆ ಬೆಳಗಿನ ಹೊತ್ತಿಗೆ ಒಬ್ಬರು ತಾಯಿ ಚೀಲ ಸಮೇತ ಈ ಬಾಗಿಲಲ್ಲಿ ನಿಂತಿರುತ್ತಾರೆ.

“ಗೊತ್ತಿಲ್ಲಮ್ಮ,” ಎಂದ.

“ಗೊತ್ತಿಲ್ವಾ? ಇಷ್ಟು ಓದಿಸಿದ್ದು ಇದಕ್ಕೇನಾ?”

“ಬುಡಿ ಜಯಮ್ನೋರೆ, ಪಾಪ, ಅವ್ರಿಗೇನ್ ಗೊತ್ತಾಯ್ತದೆ,” ಎಂದರು ಸಾಕಮ್ಮ. “ನಿಮ್ದೊಂದು, ನಮ್ದೊಂದು, ಎರಡೂ ಕೂಡ್ಸಿ ಅರ್ಧ ಹಾಕ್ಬುಡಮ.”

“ಅದೂ ಸರಿ,” ಎಂದರು ಜಯಲಕ್ಷ್ಮೀ.

ಎರಡು ಬೇರೆ ಬೇರೆ ಮಾನಗಳನ್ನು ಕೂಡಿಸಿ ಅರ್ಧ ಮಾಡುವುದೇ! ಗುರುಚರಣ ತಡೆಯಲಾರದೆ ಬಾಯಿ ತೆರೆದ. ರಚನಾ ಕೈ ಚಾಚಿ, ಅರ್ಧದಲ್ಲಿ ನಿಂತಿದ್ದ ಮೊಸರನ್ನದ ಚಮಚವನ್ನು ಅದರೊಳಗಿಟ್ಟಳು.